ಓದುಗರ ಪ್ರಶ್ನೋತ್ತರ: ಮೊದಲ ಅಪಘಾತದ ಹಿಂದೆಯೇ ಎರಡನೆಯದು ಬಾರದಿರಲಿ

ಮಳೆಗಾಲದ ವಾಹನ ಚಾಲನೆಯ ಕುರಿತು ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬೇರೊಂದು ವಿಷಯವನ್ನು ಕೇಳಿದ್ದವು: ಅಪಘಾತವಾಗಿಯೇ ಹೋದರೆ ಆಮೇಲೆ ರಸ್ತೆಯಲ್ಲಿ ಏನು ಮಾಡಬೇಕು, ಯಾರು ಮಾಡಬೇಕು, ಎಷ್ಟು ಬೇಗ ಮಾಡಬೇಕು? ತಲಪಾಡಿಯಿಂದ ಶಿರೂರಿನವರೆಗೆ ಹೆದ್ದಾರಿಯನ್ನೇ ಅಂಗಳದಂತೆ ಬಳಸುವ ನಮ್ಮ ಎರಡು ಜಿಲ್ಲೆಗಳ ಜನರಿಗೆ ಇದು ದಿನನಿತ್ಯದ ಪ್ರಶ್ನೆ. ಮೋಟಾರು ವಾಹನ ನಿರೀಕ್ಷಕನಾಗಿ ಅಪಘಾತಕ್ಕೀಡಾದ ವಾಹನಗಳನ್ನು ಪರೀಕ್ಷಿಸುತ್ತಲೇ ನಿವೃತ್ತನಾದ ನನಗೆ ಈ ವಿಷಯ ಮನಸ್ಸಿಗೆ ಬಹಳ ಹತ್ತಿರದ್ದು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಅಂಗಡಿಯ ಎದುರು ಹೆದ್ದಾರಿಯಲ್ಲಿ ಒಂದು ಕಾರಿಗೆ ಇನ್ನೊಂದು ಕಾರು ಹಿಂದಿನಿಂದ ತಾಗಿತು. ಯಾರಿಗೂ ಗಾಯವಾಗಿರಲಿಲ್ಲ. ಆದರೂ ಸೇರಿದ ಜನರು, ಪೊಲೀಸರು ಬಂದು ನೋಡುವವರೆಗೆ ಗಾಡಿಗಳನ್ನು ಅಲುಗಾಡಿಸಬಾರದು, ಅಲುಗಾಡಿಸಿದರೆ ವಿಮೆ ಸಿಗುವುದಿಲ್ಲ ಎಂದು ತಡೆದರು. ಮುಕ್ಕಾಲು ಗಂಟೆ ಎರಡೂ ಕಾರುಗಳು ನಡುರಸ್ತೆಯಲ್ಲಿಯೇ ಇದ್ದವು. ಅಷ್ಟರಲ್ಲಿ ಹಿಂದಿನಿಂದ ಬಂದ ಸ್ಕೂಟರ್ ಒಂದು ಅವುಗಳನ್ನು ತಪ್ಪಿಸಲು ಹೋಗಿ ಡಿವೈಡರಿಗೆ ಬಡಿದು, ಸವಾರಳ ಕೈ ಮುರಿಯಿತು. ಕಾನೂನು ನಿಜವಾಗಿಯೂ ಹಾಗೆ ಹೇಳುತ್ತದೆಯೇ?
(ಅಂಗಡಿ ಮಾಲೀಕರು, ಕಟಪಾಡಿ)

ಉತ್ತರ: ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 134ನೆಯ ಕಲಮು ಅಪಘಾತವಾದಾಗ ಚಾಲಕನು ಏನು ಮಾಡಬೇಕೆಂದು ವಿಧಿಸುತ್ತದೆ. ಗಾಯಾಳುವಿಗೆ ವೈದ್ಯಕೀಯ ನೆರವು ದೊರಕಿಸಬೇಕು, ಪೊಲೀಸರು ಕೇಳಿದ ಮಾಹಿತಿಯನ್ನು ಕೊಡಬೇಕು, ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ 24 ಗಂಟೆಗಳೊಳಗೆ ಠಾಣೆಗೆ ತಿಳಿಸಬೇಕು ಮತ್ತು ವಿಮಾ ಸಂಸ್ಥೆಗೂ ವಿವರ ಕೊಡಬೇಕು. ಲೋಹ ಮಾತ್ರ ಜಜ್ಜಿಹೋದ ಸಣ್ಣ ಅಪಘಾತದಲ್ಲಿ ವಾಹನವನ್ನು ನಡುರಸ್ತೆಯಲ್ಲಿಯೇ ಬಿಟ್ಟು ಕಾಯಬೇಕೆಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಅಪಾಯ ಅಥವಾ ಅಡಚಣೆಯಾಗುವ ರೀತಿಯಲ್ಲಿ ವಾಹನವನ್ನು ಬಿಟ್ಟು ಹೋಗುವುದು ತಪ್ಪೆಂದು ಅದೇ ಕಾಯ್ದೆಯ 122ನೆಯ ಕಲಮು ಹೇಳುತ್ತದೆ.

ವಿಮೆಯ ವಿಚಾರದಲ್ಲಿ ಈಗ ಪ್ರತಿಯೊಬ್ಬರ ಕಿಸೆಯಲ್ಲಿಯೂ ಕ್ಯಾಮೆರಾ ಇರುವುದರಿಂದ ಎರಡು ನಿಮಿಷದಲ್ಲಿ ದಾಖಲೆಯನ್ನು ಮಾಡಿಕೊಳ್ಳಬಹುದು. ಎರಡೂ ವಾಹನಗಳು ಒಂದೇ ಚಿತ್ರದಲ್ಲಿ ಕಾಣುವಂತೆ ಎದುರಿನಿಂದ ಒಂದು, ಹಿಂದಿನಿಂದ ಒಂದು, ತಾಗಿದ ಭಾಗವನ್ನು ಸಮೀಪದಿಂದ ಒಂದು, ನಂಬರ್ ಪ್ಲೇಟುಗಳು, ಡಾಂಬರಿನ ಮೇಲೆ ಟೈರು ಉಜ್ಜಿದ ಗುರುತು, ಆಮೇಲೆ ಸ್ವಲ್ಪ ದೂರ ನಿಂತು ಹತ್ತಿರದ ಕಿಲೋಮೀಟರ್ ಕಲ್ಲೋ ಅಂಗಡಿಯ ಫಲಕವೋ ಸೇರುವಂತೆ ಇನ್ನೊಂದು ಚಿತ್ರ ತೆಗೆಯಿರಿ. ನಾಲ್ಕೂ ಚಕ್ರಗಳು ನೆಲಕ್ಕೆ ತಾಗಿರುವ ಜಾಗದಲ್ಲಿ ಸೀಮೆಸುಣ್ಣದಿಂದಲೋ ಇಟ್ಟಿಗೆಯ ಚೂರಿನಿಂದಲೋ ಗೆರೆ ಎಳೆಯಿರಿ. ಅನಂತರ ವಾಹನಗಳನ್ನು ರಸ್ತೆಯ ಎಡ ಅಂಚಿಗೆ, ಸಾಧ್ಯವಾದರೆ ಸರ್ವಿಸ್ ರಸ್ತೆಗೆ ಕೊಂಡುಹೋಗಿ, ತಪ್ಪು ಯಾರದೆಂಬ ಮಾತನ್ನು ಅಲ್ಲಿ ಆಡಿರಿ.

ಸಾವು ಅಥವಾ ತೀವ್ರ ಗಾಯವಾಗಿದ್ದರೆ ಮಾತು ಬೇರೆ. ಅಲ್ಲಿ ವಾಹನ ನಿಂತ ಭಂಗಿಯೇ ಸಾಕ್ಷ್ಯವಾಗುವುದರಿಂದ, ಸಿಕ್ಕಿಹಾಕಿಕೊಂಡವರನ್ನು ಬಿಡಿಸಲು ಅಥವಾ ಇನ್ನೊಂದು ಅಪಾಯವನ್ನು ತಪ್ಪಿಸಲು ಬೇಕಾದಷ್ಟು ಮಾತ್ರ ಸರಿಸಬೇಕು. ಉಳಿದದ್ದನ್ನು ಪೊಲೀಸರಿಗೆ ಬಿಡಬೇಕು. ಆದರೆ ಪೊಲೀಸರೂ ಇಡೀ ರಸ್ತೆಯನ್ನು ಗಂಟೆಗಟ್ಟಲೆ ಹಿಡಿದಿಡಬೇಕಾದ ಕಾಲ ಈಗಿಲ್ಲ. ಅಪಘಾತದ ಸ್ಥಳದಲ್ಲಿಯೇ ಚಿತ್ರ ಮತ್ತು ಸ್ಥಾನವನ್ನು ಮೊಬೈಲಿನಿಂದ ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆ ಮೊದಲು ಪ್ರಯೋಗಕ್ಕೆ ಬಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸಂಚಾರಕ್ಕೆ ಅಪಾಯ ತರುವಂತೆ ಬಿದ್ದಿರುವ ಜಖಂಗೊಂಡ ವಾಹನವನ್ನು ಕೂಡಲೇ ತೆರವು ಮಾಡಿಸುವ ಅಧಿಕಾರವನ್ನು ಕಾಯ್ದೆಯ 127ನೆಯ ಕಲಮು ಪೊಲೀಸ್ ಅಧಿಕಾರಿಗೆ ಕೊಟ್ಟಿದೆ. ಎಳೆದೊಯ್ಯುವ ವೆಚ್ಚ ಮಾಲೀಕನದು. ನಾನು ಪರೀಕ್ಷಿಸಿದ ವಾಹನಗಳಲ್ಲಿ ಬಹುತೇಕ ಎಲ್ಲವನ್ನೂ ಠಾಣೆಯ ಅಂಗಳದಲ್ಲಿಯೇ ನೋಡಿದ್ದೇನೆ. ಬ್ರೇಕಿನ ಪೈಪು ಒಡೆದಿತ್ತೇ, ಸ್ಟಿಯರಿಂಗ್ ಕಳಚಿತ್ತೇ ಎಂಬುದನ್ನು ಅಲ್ಲಿಯೂ ಅಷ್ಟೇ ಸ್ಪಷ್ಟವಾಗಿ ನೋಡಬಹುದು.

ಸ್ಕೂಟರಿನ ಆ ಹೆಣ್ಣುಮಗಳ ಕೈ ಮುರಿದದ್ದು ಮೊದಲ ಅಪಘಾತದಿಂದಲ್ಲ, ಅದನ್ನು ಮುಕ್ಕಾಲು ಗಂಟೆ ಹಾಗೆಯೇ ಇಟ್ಟದ್ದರಿಂದ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ನೋವು ತಂದ ಸಾಲು ಅದು.

ಪ್ರಶ್ನೆ: ನಾನು ಲಾರಿ ಚಾಲಕ. ರಾತ್ರಿ ಆಕ್ಸಲ್ ತುಂಡಾಗಿ ಹೆದ್ದಾರಿಯಲ್ಲಿ ನಿಲ್ಲಬೇಕಾಯಿತು. ವಾಡಿಕೆಯಂತೆ ಮರದ ಕೊಂಬೆ ಕಡಿದು ಹಿಂದೆ ಇಟ್ಟು, ಅದು ಹಾರದಂತೆ ಕಲ್ಲು ಪೇರಿಸಿದೆ. ಗಸ್ತಿನವರು ಬಂದು ಗದರಿಸಿದರು. ಎಷ್ಟು ದೂರದಲ್ಲಿ ಏನನ್ನು ಇಡಬೇಕು?
(ಓದುಗರು, ಬೈಕಂಪಾಡಿ)

ಉತ್ತರ: ಗದರಿಕೆ ಕಲ್ಲಿಗಾಗಿ ಇದ್ದಿರಬೇಕು, ಮತ್ತು ಅದು ಸರಿಯಾದದ್ದೇ. ಸೇವೆಯಲ್ಲಿದ್ದಾಗ ಒಂದು ಬೆಳಗಿನ ಜಾವ ಹೆಜಮಾಡಿಯ ಸಮೀಪ ಬಿದ್ದಿದ್ದ ಬೈಕನ್ನು ನೋಡಲು ಹೋಗಿದ್ದೆ. ಎದುರಿನ ರಿಮ್ಮು ಒಂದು ಕಡೆ ಒಳಕ್ಕೆ ಮಡಚಿಹೋಗಿತ್ತು. ಸುತ್ತಲೂ ನೋಡಿದಾಗ ರಸ್ತೆಯಲ್ಲಿ ಸಾಲಾಗಿ ಇಟ್ಟಿದ್ದ ನಾಲ್ಕು ಕೆಂಪುಕಲ್ಲಿನ ತುಂಡುಗಳು ಮತ್ತು ಬಾಡಿದ ಮಾವಿನ ಸೊಪ್ಪು ಕಂಡವು. ಪಕ್ಕದಲ್ಲಿ ಗ್ರೀಸಿನ ಕಲೆ ಇತ್ತು. ಲಾರಿ ದುರಸ್ತಿಯಾಗಿ ಹೊರಟುಹೋಗಿ ಬಹಳ ಹೊತ್ತಾಗಿತ್ತು, ಕಲ್ಲುಗಳು ಮಾತ್ರ ಉಳಿದಿದ್ದವು. ಕತ್ತಲಲ್ಲಿ ಕೆಂಪುಕಲ್ಲು ಡಾಂಬರಿನ ಬಣ್ಣದಲ್ಲಿಯೇ ಕರಗಿಹೋಗುತ್ತದೆ. ಸೊಪ್ಪಂತೂ ದೀಪದ ಬೆಳಕನ್ನು ಹಿಂತಿರುಗಿಸುವುದೇ ಇಲ್ಲ.

ದೂರದ ಲೆಕ್ಕ ಹೀಗಿದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ವಾಹನ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಚಾಲಕನು ಕಂಡು, ಗ್ರಹಿಸಿ, ಕಾಲನ್ನು ಬ್ರೇಕಿಗೆ ತರುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೆ 33 ಮೀಟರ್ ಹೋಗಿಬಿಟ್ಟಿರುತ್ತದೆ. ಒದ್ದೆ ರಸ್ತೆಯಲ್ಲಿ ಬ್ರೇಕು ಹಿಡಿದು ನಿಲ್ಲಲು ಇನ್ನೂ 60 ಮೀಟರಿಗಿಂತ ಹೆಚ್ಚು ಬೇಕಾಗಬಹುದು. ಹೊರೆ ತುಂಬಿದ ಲಾರಿಗೆ ಅದಕ್ಕೂ ಹೆಚ್ಚು. ಆದ್ದರಿಂದ ಚತುಷ್ಪಥದಲ್ಲಿ ನಿಮ್ಮ ಎಚ್ಚರಿಕೆಯ ಗುರುತು ವಾಹನದ ಹಿಂದೆ ನೂರು ಮೀಟರಿಗಿಂತ ಕಡಿಮೆ ದೂರದಲ್ಲಿದ್ದರೆ ಪ್ರಯೋಜನವಿಲ್ಲ. ನೂರು ಮೀಟರೆಂದರೆ ಸಾಧಾರಣ ನಡಿಗೆಯಲ್ಲಿ ನೂರ ಮೂವತ್ತು ಹೆಜ್ಜೆ. ಐದು ಹೆಜ್ಜೆ ದೂರದಲ್ಲಿ ಇಟ್ಟ ಕೊಂಬೆಯನ್ನು ಹಿಂದಿನವನು ಕಾಣುವ ಹೊತ್ತಿಗೆ ನಿಮ್ಮ ಲಾರಿಯ ಹಿಂಬಾಗಿಲೂ ಅವನಿಗೆ ಕಂಡಿರುತ್ತದೆ.

ಬೇಕಾದದ್ದು ಬೆಳಕನ್ನು ಪ್ರತಿಫಲಿಸುವ ಕೆಂಪು ತ್ರಿಕೋನ. ಎಷ್ಟೋ ಕಾರುಗಳ ಡಿಕ್ಕಿಯಲ್ಲಿ ಅದು ಸ್ಟೆಪ್ನಿಯ ಬದಿಯಲ್ಲಿ, ಕೊಂಡ ದಿನದ ಪ್ಲಾಸ್ಟಿಕ್ ಹೊದಿಕೆಯ ಸಮೇತ ಮಲಗಿರುವುದನ್ನು ನಾನು ನೋಡಿದ್ದೇನೆ. ಮೊದಲು ನಾಲ್ಕೂ ಇಂಡಿಕೇಟರುಗಳನ್ನು ಒಟ್ಟಿಗೆ ಮಿನುಗಿಸಿ. ಪ್ರಯಾಣಿಕರಿದ್ದರೆ ಎಡ ಬಾಗಿಲಿನಿಂದ ಇಳಿಸಿ ರಸ್ತೆಯ ಹೊರಗೆ, ಕಬ್ಬಿಣದ ತಡೆಬೇಲಿ ಇರುವಲ್ಲಿ ಅದರ ಆಚೆಗೆ ನಿಲ್ಲಿಸಿ. ಆಮೇಲೆ ತ್ರಿಕೋನವನ್ನು ಬಿಡಿಸಿ, ಬರುವ ವಾಹನಗಳ ಕಡೆಗೆ ಹಿಡಿದುಕೊಂಡೇ, ಡಾಂಬರಿನ ಹೊರಗಿನ ಅಂಚಿನಲ್ಲಿ ಅವುಗಳಿಗೆ ಎದುರಾಗಿ ನಡೆಯಿರಿ. ತಿರುವು ಅಥವಾ ಏರಿನ ತುದಿ ಇದ್ದರೆ ಲೆಕ್ಕವನ್ನು ಬಿಟ್ಟು ಅದರ ಹಿಂದಕ್ಕೇ ಹೋಗಿ ಇಡಬೇಕು. ಶಿರಾಡಿ, ಚಾರ್ಮಾಡಿಯಂಥ ಡಿವೈಡರ್ ಇಲ್ಲದ ರಸ್ತೆಗಳಲ್ಲಿ ಎದುರಿನಿಂದ ಬರುವವರಿಗಾಗಿ ಮುಂದುಗಡೆಯೂ ಒಂದು ಬೇಕು. ಚಕ್ರಕ್ಕೆ ಅಡ್ಡಗಟ್ಟೆ ಕೊಡಲೇಬೇಕಾದರೆ ಮರದ ದಿಮ್ಮಿಯನ್ನೇ ಕೊಡಿ, ಅದನ್ನು ಹಗ್ಗದಿಂದ ಲಾರಿಗೆ ಕಟ್ಟಿರಿ. ಹೊರಡುವಾಗ ಮರೆತರೂ ಅದು ನಿಮ್ಮ ಜೊತೆಯಲ್ಲಿಯೇ ಬರುತ್ತದೆ.

ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತಾಗ 1033ಕ್ಕೆ ಕರೆ ಮಾಡಿರಿ. ಟೋಲ್ ಇರುವ ರಸ್ತೆಗಳಲ್ಲಿ ಗಸ್ತು ವಾಹನ, ಕ್ರೇನ್ ಮತ್ತು ಆಂಬುಲೆನ್ಸ್ ಇಡುವುದು ಗುತ್ತಿಗೆಯ ಭಾಗವೇ ಆಗಿದೆ. ನಾವು ಕೊಡುವ ಸುಂಕದಲ್ಲಿ ಅದೂ ಸೇರಿದೆ ಎಂಬುದು ಅನೇಕ ಚಾಲಕರಿಗೆ ತಿಳಿದಿಲ್ಲ.

ಪ್ರಶ್ನೆ: ನಮ್ಮ ಮನೆ ಮಂಗಳೂರು–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ, ತಗ್ಗಿನಲ್ಲಿದೆ. ದಿನವೂ ಗ್ಯಾಸ್ ಟ್ಯಾಂಕರುಗಳು ಹೋಗುತ್ತವೆ. ಪೆರ್ನೆಯ ದುರಂತದ ನೆನಪು ಇನ್ನೂ ಹೋಗಿಲ್ಲ. ಹತ್ತಿರದಲ್ಲಿ ಟ್ಯಾಂಕರ್ ಉರುಳಿದರೆ ಮನೆಯವರು ಮಾಡಬೇಕಾದ್ದೇನು?
(ಗೃಹಿಣಿ, ಮಾಣಿ)

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ. 2013ರ ಏಪ್ರಿಲ್ 9ರಂದು ಪೆರ್ನೆಯಲ್ಲಿ ಉರುಳಿದ ಟ್ಯಾಂಕರಿನಿಂದ ಸೋರಿದ ಅನಿಲ ಬೆಂಕಿ ಹಿಡಿದು ರಸ್ತೆಬದಿಯ ಮನೆಗಳಲ್ಲಿದ್ದವರು ಪ್ರಾಣ ಕಳೆದುಕೊಂಡರು. ಅದಕ್ಕೆ ಏಳೆಂಟು ತಿಂಗಳ ಹಿಂದೆ, 2012ರ ಆಗಸ್ಟ್‌ನಲ್ಲಿ, ಕಣ್ಣೂರಿನ ಚಾಲದಲ್ಲಿಯೂ ಇಂಥದೇ ದುರಂತ ನಡೆದಿತ್ತು. ಟ್ಯಾಂಕರ್ ಉರುಳಿದ ಗಳಿಗೆಗೂ ಬೆಂಕಿ ಹತ್ತುವ ಗಳಿಗೆಗೂ ನಡುವೆ ಸಿಗುವ ಅಲ್ಪ ಸಮಯವನ್ನು ಜನರು ಹೇಗೆ ಬಳಸಿಕೊಳ್ಳುತ್ತಾರೆ ಎಂಬುದರ ಮೇಲೆ ಜೀವಗಳು ನಿಂತಿರುತ್ತವೆ. ಹಾಗಾಗಿ ಈ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಕೊಡುತ್ತೇನೆ.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದಾಗ ಅದು ಹೊಗೆಯಂತೆ ಮೇಲೇರದೆ, ನೀರಿನಂತೆ ತಗ್ಗನ್ನು ಹುಡುಕಿಕೊಂಡು ಹರಿಯುತ್ತದೆ. ಚರಂಡಿ, ತೋಡು, ಬಾವಿ, ಕಲ್ಲಿನ ಕೋರೆ, ಅಡಿಕೆ ತೋಟದ ಕಣಿ ಇವೆಲ್ಲ ಅದು ತುಂಬಿಕೊಳ್ಳುವ ಜಾಗಗಳು. ದ್ರವರೂಪದಲ್ಲಿದ್ದ ಒಂದು ಲೀಟರ್ ಹೊರಬಂದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಎರಡು ಪಾಲಿನಷ್ಟಿದ್ದರೂ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಸೋರಿಕೆಯ ಸುತ್ತ ನೆಲಮಟ್ಟದಲ್ಲಿ ಬಿಳಿಯ ಮಂಜು ಕಾಣುತ್ತದೆ. ಅದು ತಣ್ಣಗಾದ ಗಾಳಿಯಲ್ಲಿನ ನೀರಿನ ಪಸೆ. ಮಂಜು ಮುಗಿದಲ್ಲಿಗೆ ಅನಿಲವೂ ಮುಗಿಯಿತೆಂದು ತಿಳಿಯಬೇಡಿ.

ಮನೆಯಿಂದ ಹೊರಟಾಗ ಗಾಳಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ನಡೆಯಿರಿ. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಹಗಲಿನಲ್ಲಿ ಗಾಳಿ ಕಡಲಿನಿಂದ, ಅಂದರೆ ಪಡುವಣದಿಂದ ಬೀಸುತ್ತದೆ, ರಾತ್ರಿ ನೆಲದ ಕಡೆಯಿಂದ. ಆದರೂ ತೆಂಗಿನ ಗರಿ ಯಾವ ಕಡೆಗೆ ವಾಲುತ್ತಿದೆ ಎಂದು ಒಮ್ಮೆ ನೋಡಿಯೇ ಹೆಜ್ಜೆ ಇಡಿ. ವಾಸನೆ ಇನ್ನೂ ಬಂದಿರದಿದ್ದರೆ ಒಲೆಯನ್ನು ನಂದಿಸಿ, ಬಚ್ಚಲಿನ ಸೌದೆ ಬೆಂಕಿಗೆ ನೀರು ಸುರಿದು ಹೊರಡಿ. ವಾಸನೆ ಮನೆಯೊಳಗೆ ಬಂದೇಬಿಟ್ಟಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ದೀಪ ಆರಿಸುವುದಕ್ಕಾಗಿ ಒತ್ತಿದರೂ ಕಿಡಿ ಕಿಡಿಯೇ. ಅಂಗಳದ ಬೈಕು, ರಿಕ್ಷಾ ಯಾವುದನ್ನೂ ಸ್ಟಾರ್ಟ್ ಮಾಡಬೇಡಿ. ಹಟ್ಟಿಯ ದನಗಳ ಹಗ್ಗ ಬಿಚ್ಚಿಬಿಟ್ಟು ಮುಂದೆ ಹೋಗಿ, ಅವುಗಳನ್ನು ಅಟ್ಟಿಕೊಂಡು ಹೋಗಲು ಕಾಯಬೇಡಿ.

ಸುರಕ್ಷಿತ ದೂರ ತಲುಪಿದ ಮೇಲೆ 112ಕ್ಕೆ ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿರಿ. ಅನಿಲ ಸೋರಿಕೆಗೆಂದೇ 1906 ಎಂಬ ಸಂಖ್ಯೆಯೂ ಇದೆ. ಟ್ಯಾಂಕರಿನ ಹಿಂದೆ ಮತ್ತು ಬದಿಗಳಲ್ಲಿ ತುರ್ತು ಮಾಹಿತಿಯ ಫಲಕವಿರುತ್ತದೆ. ಅದರಲ್ಲಿ ನಾಲ್ಕು ಅಂಕಿಗಳ ಸಂಖ್ಯೆಯೊಂದಿದ್ದು, ದ್ರವೀಕೃತ ಪೆಟ್ರೋಲಿಯಂ ಅನಿಲಕ್ಕೆ 1075, ಪೆಟ್ರೋಲಿಗೆ 1203 ಎಂದಿರುತ್ತದೆ. ದೂರದಿಂದಲೇ ಅದು ಕಂಡರೆ ಕರೆಯಲ್ಲಿ ಹೇಳಿ; ಬರುವವರು ಯಾವ ಸಿದ್ಧತೆಯೊಂದಿಗೆ ಬರಬೇಕೆಂದು ಅವರಿಗೆ ಅದರಿಂದಲೇ ತಿಳಿಯುತ್ತದೆ. ಓದುವುದಕ್ಕಾಗಿ ಹತ್ತಿರ ಹೋಗಬಾರದು. ಭಾರಿ ಸೋರಿಕೆಯಾದರೆ ಗಾಳಿ ಸಾಗುವ ದಿಕ್ಕಿನಲ್ಲಿ ಕನಿಷ್ಠ 800 ಮೀಟರ್, ಟ್ಯಾಂಕರಿಗೇ ಬೆಂಕಿ ತಾಗಿದ್ದರೆ ಎಲ್ಲ ದಿಕ್ಕಿಗೂ 1,600 ಮೀಟರ್ ಜಾಗ ಖಾಲಿಯಾಗಬೇಕೆಂದು ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ತುರ್ತು ಕೈಪಿಡಿ ಹೇಳುತ್ತದೆ.

ಹೆದ್ದಾರಿಯನ್ನು ಇಂಥ ಸಂದರ್ಭದಲ್ಲಿ ಏಕೆ ಇಡೀ ದಿನ ಮುಚ್ಚುತ್ತಾರೆ ಎಂದು ಕೆಲವರು ಬೇಸರದಿಂದ ಬರೆದಿದ್ದಾರೆ. ತುಂಬಿದ ಟ್ಯಾಂಕರನ್ನು ಹಾಗೆಯೇ ಎತ್ತುವುದು ಅಪಾಯವಾದ್ದರಿಂದ, ನೀರಿನ ತುಂತುರು ಹಾಯಿಸುತ್ತಾ ಒಳಗಿನ ಅನಿಲವನ್ನು ಇನ್ನೊಂದು ಟ್ಯಾಂಕರಿಗೆ ವರ್ಗಾಯಿಸಬೇಕಾಗುತ್ತದೆ. ಅದು ಗಂಟೆಗಳ ಕೆಲಸ. ಬೇಗ ತೆರವಾಗಬೇಕೆಂದು ಇಷ್ಟು ಬರೆಯುತ್ತಿರುವ ನಾನೂ ಇಲ್ಲಿ ಮಾತ್ರ ಅವಸರಪಡಿಸಬೇಡಿ ಎನ್ನುತ್ತೇನೆ.

ಪ್ರಶ್ನೆ: ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಕೋರ್ಟು ಅಲೆಯಬೇಕಾಗುತ್ತದೆ ಎಂದು ಮನೆಯಲ್ಲಿ ಹೆದರಿಸುತ್ತಾರೆ. ನಿಜವೇ?
(ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ಆ ಕಾಲ ಹೋಯಿತು. ಸರ್ವೋಚ್ಚ ನ್ಯಾಯಾಲಯ 2016ರ ಮಾರ್ಚ್ 30ರಂದು ನೆರವು ನೀಡುವವರ ರಕ್ಷಣೆಗೆ ಮಾರ್ಗಸೂಚಿಗಳನ್ನು ಊರ್ಜಿತಗೊಳಿಸಿತು. 2019ರ ತಿದ್ದುಪಡಿಯಲ್ಲಿ 134ಎ ಕಲಮು ಕಾಯ್ದೆಗೇ ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಚಿಕಿತ್ಸೆಯ ಖರ್ಚಿನ ಬಗೆಗೂ ಹೇಳುವುದಾದರೆ, 2025ರ ಮೇ ತಿಂಗಳಿನಿಂದ ಜಾರಿಗೆ ಬಂದಿರುವ ಕೇಂದ್ರದ ನಗದುರಹಿತ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ನಿಯೋಜಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯ ಮಿತಿಯಲ್ಲಿ ಚಿಕಿತ್ಸೆ ದೊರೆಯುತ್ತದೆ. ಒಂದು ಎಚ್ಚರಿಕೆ: ಬೆಂಕಿ ಅಥವಾ ಮತ್ತೊಂದು ವಾಹನ ಗುದ್ದುವ ಅಪಾಯ ಇಲ್ಲದಿದ್ದರೆ, ಕುತ್ತಿಗೆ ಅಥವಾ ಬೆನ್ನಿಗೆ ಪೆಟ್ಟಾಗಿರಬಹುದಾದವರನ್ನು ಎಳೆದಾಡದೆ 108 ಬರುವವರೆಗೆ ತಲೆ ಅಲುಗದಂತೆ ಹಿಡಿದುಕೊಂಡಿರಿ.

ಪ್ರಶ್ನೆ: ನಾನು ಎಕ್ಸ್‌ಪ್ರೆಸ್ ಬಸ್ಸಿನ ನಿರ್ವಾಹಕ. ಮುಂದೆ ಅಪಘಾತವಾಗಿ ಸಾಲು ನಿಂತರೆ, ‘ಆಚೆ ಬದಿಯಿಂದ ಹೋಗಿ’ ಎಂದು ಪ್ರಯಾಣಿಕರೇ ಒತ್ತಾಯ ಮಾಡುತ್ತಾರೆ. ಹೋಗದಿದ್ದರೆ ಟೈಮಿಂಗ್ ತಪ್ಪುತ್ತದೆ.
(ಓದುಗರು, ಪಡುಬಿದ್ರಿ)

ಉತ್ತರ: ದಯವಿಟ್ಟು ಹೋಗಬೇಡಿ. ಒಂದು ಬದಿ ಮುಚ್ಚಿದಾಗ ಆಂಬುಲೆನ್ಸಿಗೂ ಕ್ರೇನಿಗೂ ಉಳಿಯುವುದು ಆ ಇನ್ನೊಂದು ಬದಿ ಮಾತ್ರ. ಎದುರುಬದಿಗೆ ನುಗ್ಗಿದ ಒಂದು ಬಸ್ಸಿನ ಹಿಂದೆ ಹತ್ತು ಕಾರುಗಳು ಬರುತ್ತವೆ. ಆಮೇಲೆ ಎರಡೂ ಬದಿ ಕಟ್ಟಿಕೊಂಡು, ಹತ್ತು ನಿಮಿಷದಲ್ಲಿ ಬಿಡುವ ದಟ್ಟಣೆ ಒಂದು ಗಂಟೆಗೆ ಹೋಗುತ್ತದೆ. ನಂತೂರು, ಕೂಳೂರು ಸೇತುವೆಯಂಥ ಇಕ್ಕಟ್ಟಿನಲ್ಲಿ ಇದನ್ನು ನೀವೇ ಕಂಡಿರುತ್ತೀರಿ. ಸಾಲಿನಲ್ಲಿ ನಿಂತಾಗ ಎಡಕ್ಕೆ ಸರಿದು, ತುರ್ತು ವಾಹನ ನುಸುಳುವಷ್ಟು ದಾರಿ ಬಿಡಿ. ಸ್ಥಳವನ್ನು ದಾಟುವಾಗ ನಿಧಾನ ಮಾಡಿ, ಸಾಧ್ಯವಾದರೆ ಒಂದು ಪಥ ಬಿಟ್ಟು ಸಾಗಿ. ಅಮೆರಿಕದ ಐವತ್ತು ರಾಜ್ಯಗಳಲ್ಲಿಯೂ ಇದು ಕಾನೂನೇ ಆಗಿದೆ, ಏಕೆಂದರೆ ರಸ್ತೆಯಲ್ಲಿ ನಿಂತು ಕೆಲಸ ಮಾಡುವ ಪೊಲೀಸರನ್ನೂ ಅಗ್ನಿಶಾಮಕ ಸಿಬ್ಬಂದಿಯನ್ನೂ ಹಾದುಹೋಗುವ ವಾಹನಗಳೇ ಕೊಲ್ಲುತ್ತವೆ. ವಿಡಿಯೊ ಮಾಡಲು ಇಳಿಯುವ ಪ್ರಯಾಣಿಕರನ್ನು ಮಾತ್ರ ನೀವು ಗಟ್ಟಿಯಾಗಿಯೇ ತಡೆಯಬೇಕು.

ಪ್ರಶ್ನೆ: ನಮ್ಮೂರಿನ ತಿರುವಿನಲ್ಲಿ ಲಾರಿ ಮಗುಚುವುದು, ಡೀಸೆಲ್ ಚೆಲ್ಲುವುದು, ಮೀನಿನ ಲಾರಿಯ ನೀರಿಗೆ ಬೈಕುಗಳು ಜಾರುವುದು ಮಾಮೂಲಾಗಿದೆ. ಕ್ರೇನ್ ಬಂದರೂ ಲಾರಿ ಎತ್ತಲು ತಡಮಾಡುತ್ತಾರೆ. ಊರಿನವರು ಏನಾದರೂ ಮಾಡಬಹುದೇ?
(ಯುವಕ ಮಂಡಲದ ಸದಸ್ಯರು, ಬೈಂದೂರು)

ಉತ್ತರ: ಕ್ರೇನಿನ ತಡಕ್ಕೆ ಕಾರಣವಿರುತ್ತದೆ. ಹೊರೆಯ ಸಮೇತ ಎತ್ತಿದರೆ ಪಟ್ಟಿ ತುಂಡಾಗಬಹುದು, ಲಾರಿಯ ಚಾಸಿಸ್ ಬಾಗಿ ಹೊರೆಯೆಲ್ಲ ಒಮ್ಮೆಗೇ ಜಾರಬಹುದು. ಆದ್ದರಿಂದ ಮೊದಲು ಸರಕು ಇಳಿಸಬೇಕು, ಬ್ಯಾಟರಿಯ ವಯರು ಬಿಚ್ಚಬೇಕು, ಡೀಸೆಲ್ ಸೋರಿಕೆ ನಿಲ್ಲಿಸಬೇಕು. ಎತ್ತುವ ಹತ್ತಿಪ್ಪತ್ತು ನಿಮಿಷ ಎರಡೂ ಬದಿಯ ಸಂಚಾರ ನಿಲ್ಲಲೇಬೇಕು. ಲಾರಿ ಪೂರ್ತಿಯಾಗಿ ರಸ್ತೆಯ ಹೊರಗೆ ಬಿದ್ದಿದ್ದರೆ ಅದನ್ನು ಶಾಲೆ ಬಿಡುವ ಹೊತ್ತಿನಲ್ಲಿ ಎತ್ತುವುದಕ್ಕಿಂತ ಕೋನುಗಳನ್ನೂ ದೀಪಗಳನ್ನೂ ಇಟ್ಟು ರಾತ್ರಿ ಎತ್ತುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ತಿರುವಿನಲ್ಲಿ, ಅರ್ಧ ರಸ್ತೆಗೆ ಚಾಚಿಕೊಂಡು ಬಿದ್ದಿದ್ದರೆ ಮಾತ್ರ ಒಂದು ನಿಮಿಷವನ್ನೂ ಕಳೆಯಬಾರದು. ಅಮೆರಿಕದಲ್ಲಿ ರಸ್ತೆಯ ಘಟನೆಗಳನ್ನು ಅರ್ಧ ಗಂಟೆಯೊಳಗಿನವು, ಎರಡು ಗಂಟೆಯವರೆಗಿನವು, ಅದಕ್ಕೂ ಮೀರಿದವು ಎಂದು ಮೊದಲೇ ಅಂದಾಜಿಸಿ, ಅದಕ್ಕೆ ತಕ್ಕಂತೆ ಫಲಕಗಳನ್ನೂ ಬದಲಿ ದಾರಿಯನ್ನೂ ಗೊತ್ತುಮಾಡುತ್ತಾರೆ. ನಮ್ಮಲ್ಲಿಯೂ ಸ್ಥಳಕ್ಕೆ ಮೊದಲು ಬಂದ ಅಧಿಕಾರಿ ಹೀಗೊಂದು ಅಂದಾಜನ್ನು ಗಟ್ಟಿಯಾಗಿ ಹೇಳಿಬಿಟ್ಟರೆ, ಸಾಲಿನಲ್ಲಿ ನಿಂತ ನೂರಾರು ಜನರು ತಾವೇ ಬೇರೆ ದಾರಿ ಹಿಡಿಯುತ್ತಾರೆ.

ಲಾರಿ ಹೋದ ಮೇಲೆ ಉಳಿಯುವುದರ ಕಡೆಗೆ ಊರಿನವರ ಗಮನ ಇರಲಿ. ಡೀಸೆಲ್ ಚೆಲ್ಲಿದ ಜಾಗಕ್ಕೆ ಮಳೆಯ ಮೊದಲ ಹನಿ ಬಿದ್ದೊಡನೆ ಅದು ಕಾಮನಬಿಲ್ಲಿನ ಬಣ್ಣದಲ್ಲಿ ಹರಡಿಕೊಳ್ಳುತ್ತದೆ. ಬೈಕಿನ ಚಕ್ರ ಅದರ ಮೇಲೆ ನಿಲ್ಲುವುದೇ ಇಲ್ಲ. ನೀರು ಹೊಯ್ದು ತೊಳೆಯಲು ಹೋದರೆ ಇನ್ನಷ್ಟು ದೂರ ಹರಡುತ್ತದೆ. ಹೊಯಿಗೆ ಅಥವಾ ಮರದ ಹುಡಿಯನ್ನು ಹರಡಿ, ಎಣ್ಣೆ ಹೀರಿದ ಮೇಲೆ ಗುಡಿಸಿ ತೆಗೆಯಬೇಕು. ತೆಗೆಯದೆ ಬಿಟ್ಟ ಹೊಯಿಗೆಯೂ ಬೈಕನ್ನು ಜಾರಿಸುತ್ತದೆ. ಗಾಜಿನ ಚೂರುಗಳನ್ನು ರಸ್ತೆಯ ಅಂಚಿಗೆ ತಳ್ಳಿದರೆ ಸಾಲದು, ಬುಟ್ಟಿಯಲ್ಲಿ ತುಂಬಿ ಒಯ್ಯಬೇಕು, ಏಕೆಂದರೆ ಮರುದಿನ ಆ ಅಂಚಿನಲ್ಲಿ ನಡೆಯುವವರು ಶಾಲೆಯ ಮಕ್ಕಳು. ಮೀನಿನ ನೀರಿನ ವಿಚಾರದಲ್ಲಿ, ಲಾರಿಯಲ್ಲಿ ನೀರು ಸಂಗ್ರಹಿಸುವ ತೊಟ್ಟಿ ಮತ್ತು ಮುಚ್ಚಿದ ನಳಿಗೆ ಇರುವಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ. ರಸ್ತೆಗೆ ಬಿಡುತ್ತಾ ಹೋಗುವುದು ಕಂಡರೆ ವಾಹನದ ಸಂಖ್ಯೆಯ ಸಮೇತ 112ಕ್ಕೆ ತಿಳಿಸಿರಿ.

ತಿರುವಿಗೆ ಹತ್ತಿರದ ಅಂಗಡಿಯ ಜಗಲಿಯಲ್ಲಿ ನಿಮ್ಮ ಮಂಡಲದ ವತಿಯಿಂದ ಎರಡು ಚೀಲ ಹೊಯಿಗೆ, ಒಂದು ಸಲಿಕೆ, ಎರಡು ಕಡ್ಡಿಹಿಡಿ, ಪ್ರತಿಫಲಿಸುವ ನಾಲ್ಕು ಕೋನುಗಳು, ಎರಡು ಮಿನುಗುವ ಮೇಲಂಗಿಗಳು ಮತ್ತು ಒಂದು ಒಳ್ಳೆಯ ಟಾರ್ಚನ್ನು ಇಟ್ಟುಬಿಡಿ. ಇಟ್ಟಿರುವ ವಿಷಯವನ್ನು ಠಾಣೆಯ ಬೀಟ್ ಪೊಲೀಸರಿಗೂ ತಿಳಿಸಿರಿ. ಮೇಲಂಗಿ ಹಾಕಿಕೊಳ್ಳದೆ ಯಾರೂ ರಸ್ತೆಗಿಳಿಯಬಾರದು. ಒಬ್ಬರು ಗುಡಿಸುವಾಗ ಇನ್ನೊಬ್ಬರು ಬರುವ ವಾಹನಗಳನ್ನೇ ನೋಡುತ್ತಾ ನಿಂತು ಕೂಗಿ ಎಚ್ಚರಿಸಬೇಕು. ಹೊಯಿಗೆಯ ಚೀಲಗಳನ್ನು ಮೇ ತಿಂಗಳು ಮುಗಿಯುವುದರೊಳಗೆ ಸೂರಿನಡಿಗೆ, ಹಲಗೆಯ ಮೇಲೆ ಎತ್ತಿಡಿ. ಮಳೆಗೆ ನೆನೆದ ಹೊಯಿಗೆ ಎಣ್ಣೆಯನ್ನು ಹೀರುವುದಿಲ್ಲ.